ಕೆಂಪು ಪೆಟ್ಟಿಗೆ, ನೀಲಿ ಪೆಟ್ಟಿಗೆ

"ಇದನ್ನು ಬರೆದದ್ದು ಯಾರು?"

ಇಂಚರಾ ಮೊದಲು ಮಲಯಾಳಂನಲ್ಲೇ ಕೇಳಿದಳು. ಎರ್ನಾಕುಲಂನ ರಾಕೆಟ್ ಚರಿತ್ರೆಯ ಪ್ರದರ್ಶನದ ಹಾಲ್‌ನಲ್ಲಿದ್ದ ಏಳೆಂಟು ಜನ ತಿರುಗಿ ನೋಡಿದರು. ಮುಂದಿನ ಮಾತು ತಾನಾಗಿ ಮನೆಮಾತು ಕನ್ನಡದಲ್ಲಿ ಬಂತು.

"ನಮ್ಮಜ್ಜನ್ನ ಗೂಢಚಾರ ಮಾಡಿದವರು ಯಾರು?"

ಗೋಡೆಯ ಮೇಲಿನ ಕಪ್ಪು-ಬಿಳುಪು ಫೋಟೋದಲ್ಲಿ ಇಪ್ಪತ್ತೈದರ ಹರೆಯದ ಅವಳಜ್ಜ ಓಂಕಾರಪ್ಪ ರಷ್ಯಾದ ಇಂಜಿನಿಯರ್ ಒಬ್ಬನ ಹೆಗಲ ಮೇಲೆ ಕೈ ಹಾಕಿ ನಗುತ್ತಿದ್ದರು. ಕೆಳಗೆ ಗಾಜಿನೊಳಗೆ ಅವರ ಹಳೆಯ ನೋಟ್‌ಬುಕ್. ಅಮೆರಿಕದ ರಾಕೆಟ್ಟಿನ ಒಂದೊಂದು ಬೋಲ್ಟಿನ ಅಳತೆಯೂ ಅದರಲ್ಲಿ ನೀಲಿ ಶಾಯಿಯಲ್ಲಿತ್ತು. ಪ್ರತಿ ಅಳತೆಯ ಎದುರಿಗೂ ಕೆಂಪು ಶಾಯಿಯಲ್ಲಿ ಬೇರೊಂದು ಸಂಖ್ಯೆ. ಪಕ್ಕದ ಫಲಕದಲ್ಲಿ ದಪ್ಪ ಅಕ್ಷರದ ಪ್ರಶ್ನೆ: ಈ ಕೆಂಪು ಸಂಖ್ಯೆಗಳು ಯಾರಿಗಾಗಿ?

"ನಾನೇ ಬರೆದದ್ದು."

ಕನ್ನಡದಲ್ಲೇ ಉತ್ತರ! ಕನ್ನಡಕದ ಹುಡುಗನೊಬ್ಬ ಮುಂದೆ ಬಂದು ನಿಂತಿದ್ದ.

"ಯಶವಂತ್ ಅಂತ, ಕಾಸರಗೋಡಿನವ. ಈ ಪ್ರದರ್ಶನ ಮಾಡಿದ್ದು ನಾನೇ. ನೀವು ಓಂಕಾರಪ್ಪನವರ ಮೊಮ್ಮಗಳಾ?"

"ಎರಡು ದಿನದ ಹಿಂದಿನವರೆಗೂ ಅದನ್ನ ಹೆಮ್ಮೆಯಿಂದ ಹೇಳ್ಕೋತಿದ್ದೆ."

ಹಾಗಂದವಳ ಕಣ್ಣು ತುಂಬಿತು. ಎರಡು ದಿನದ ಹಿಂದೆ ಪತ್ರಿಕೆಯೊಂದು ಆ ಪ್ರಶ್ನೆಯನ್ನು ಎತ್ತಿಕೊಂಡು, ರಾಕೆಟ್ ನೆಲೆಯಲ್ಲಿ ರಷ್ಯಾದ ಕಣ್ಣಿತ್ತೇ ಎಂದು ಬರೆದಿತ್ತು. ಅಂದಿನಿಂದ ತಿರುವನಂತಪುರದ ಪಕ್ಕದ ಕಳಕ್ಕೂಟಂನ ಅವರ ಮನೆಯೆದುರು ಅಜ್ಜನ ವಾಕಿಂಗ್ ಗೆಳೆಯರು ನಿಲ್ಲುತ್ತಿರಲಿಲ್ಲ. ಎಲ್ಲರೂ ನಿವೃತ್ತ ಸಹೋದ್ಯೋಗಿಗಳೇ. ಎಂಬತ್ತಮೂರರ ಅಜ್ಜ ಬೂಟು ಹಾಕಿಕೊಂಡು ಕಾಯುತ್ತಾರೆ, ಏಳು ಗಂಟೆಗೆ ಬಿಚ್ಚಿಡುತ್ತಾರೆ.

ಆ ಕಾಲವೇ ಹಾಗಿತ್ತು. ಆಕಾಶಕ್ಕೆ ಮೊದಲು ಯಾರು, ಚಂದ್ರನ ಮೇಲೆ ಮೊದಲು ಯಾರು ಎಂದು ಅಮೆರಿಕ, ರಷ್ಯಾ ಹಲ್ಲು ಕಡಿಯುತ್ತಿದ್ದವು. ತಿರುವನಂತಪುರದ ಕಡಲ ದಂಡೆಯ ನೆಲೆಗೆ ಮಾತ್ರ ಇಬ್ಬರ ರಾಕೆಟ್ಟುಗಳೂ ಬರುತ್ತಿದ್ದವು. ಬೋಲ್ಟು ಬಿಗಿಯುತ್ತಿದ್ದವರು ಓಂಕಾರಪ್ಪನವರಂಥ ಫಿಟ್ಟರುಗಳು.

ನೋಟ್‌ಬುಕ್ ಕಳಿಸಿದ್ದು ಅಜ್ಜನೇ, ಈ ಸಂಖ್ಯೆ ಏನೆಂದು ಮೂರು ಸಲ ಫೋನ್ ಮಾಡಿದ್ದೇನೆ, ಮರೆತಿದೆ ಅಂದರು ಎಂದು ಯಶವಂತ್ ವಿವರಿಸಿದ.

"ಪ್ರಶ್ನೆ ಕೇಳಿದ್ದು ತಪ್ಪಾ?"

"ಗೋಡೆ ಮೇಲೆ ಕೇಳಿದ್ದು ತಪ್ಪು. ಮನೆಗೆ ಬಂದು ಕೇಳಬೇಕಿತ್ತು."

"ಸರಿ. ಬರ್ತೇನೆ," ಎಂದ.

ಬಂದೇ ಬಂದ. ಒಂದು ಭಾನುವಾರವಲ್ಲ, ನಾಲ್ಕು ಭಾನುವಾರ.

ಅಜ್ಜ ಅವನಿಗೆ ದಾವಣಗೆರೆಯಿಂದ ತರಿಸಿದ ಮಂಡಕ್ಕಿಗೆ ಒಗ್ಗರಣೆ ಹಾಕಿಸಿ ಕೊಟ್ಟರು. ಮೀನಿನ ಸಾರು ಉಂಡು ಕಣ್ಣೀರು ಸುರಿಸಿದ ರಷ್ಯಾದವನ ಕಥೆ ಹೇಳಿದರು, ಕೇರಳದ ಮುಂಡು ಪಂಚೆ ಉಟ್ಟು ಎಡವಿ ಬಿದ್ದ ಅಮೆರಿಕದವನ ಕಥೆಯನ್ನೂ ಹೇಳಿದರು. ಕೆಂಪು ಶಾಯಿಯ ಮಾತು ಬಂದರೆ ಮಾತ್ರ ಗಿಡಗಳಿಗೆ ನೀರು ಹಾಕಲು ಎದ್ದುಬಿಡುತ್ತಿದ್ದರು.

ಸಂಜೆ ಅವನನ್ನು ಸ್ಟೇಷನ್ನಿಗೆ ಬಿಡುವುದು ಇಂಚರಾಳ ಸ್ಕೂಟರಿನ ಕೆಲಸ. ಎರಡನೇ ವಾರ ಸ್ಟೇಷನ್ನಿನ ಹೊರಗೇ ಇಳಿಸಿ ಬಂದಳು. ಮೂರನೇ ವಾರ ರೈಲು ಕಣ್ಮರೆಯಾಗುವವರೆಗೂ ಪ್ಲಾಟ್‌ಫಾರ್ಮಿನಲ್ಲಿ ನಿಂತಳು.

'ಜಗಳ ಆಡೋಕೆ ಹೋದವಳು ನಾನು... ಇದೇನು ನನ್ನ ಗತಿ?'

ನಾಲ್ಕನೇ ಭಾನುವಾರ ಮನೆಯ ಗೇಟು ಸಡಿಲಾಗಿ ಅಲುಗಾಡುತ್ತಿತ್ತು. ಅಜ್ಜ ತಮ್ಮ ಎರಡು ಹಳೆಯ ಟೂಲ್ ಪೆಟ್ಟಿಗೆಗಳನ್ನು ಅಂಗಳಕ್ಕೆ ತರಿಸಿದರು, ಒಂದು ಕೆಂಪು, ಒಂದು ನೀಲಿ. ಅಜ್ಜ ಕೈಯಾರೆ ಬೆಳೆಸಿದ ಮೊಮ್ಮಗಳು ಇಂಚರಾ. ಅವಳಿಗೆ ಆ ಪೆಟ್ಟಿಗೆಗಳೆಂದರೆ ಈಗಲೂ ಭಯ. ಏಳು ವರ್ಷದವಳಿದ್ದಾಗ ಆಟಕ್ಕೆಂದು ಕೆಂಪು ಪೆಟ್ಟಿಗೆಯ ಸ್ಪ್ಯಾನರನ್ನು ನೀಲಿಯದರಲ್ಲಿ ಇಟ್ಟಿದ್ದಳು. ಅಜ್ಜ ಅವಳ ಮೇಲೆ ಕೂಗಾಡಿದ್ದು ಜೀವನದಲ್ಲಿ ಅದೊಂದೇ ಸಲ. ನಾನು ಒಂದು ದಿನವೂ ತಪ್ಪು ಸ್ಪ್ಯಾನರ್ ಹಿಡಿದವನಲ್ಲ ಎಂದಿದ್ದರು ಅವತ್ತು.

ಅವಳು ಒಳಗೆ ಚಹಾ ಸೋಸುತ್ತಿದ್ದಾಗ ಅಂಗಳದಲ್ಲಿ ಅಜ್ಜನ ಧ್ವನಿ ಒಮ್ಮೆಲೇ ಏರಿತು. ಆಮೇಲೆ ತಗ್ಗಿತು. ಆಮೇಲೆ ಕೇಳಿಸಲೇ ಇಲ್ಲ. ಲೋಟ ಹಿಡಿದು ಬಂದಾಗ ಅಜ್ಜನ ಕಣ್ಣು ಒದ್ದೆಯಾಗಿತ್ತು. ಯಶವಂತ್ ಅವಳ ಮುಖವನ್ನೇ ನೋಡಲಿಲ್ಲ. ಗೇಟು ರಿಪೇರಿಯಾಗದೆ ಹಾಗೇ ಉಳಿಯಿತು.

ಮರುದಿನ ಹಾಲ್‌ನ ಗೋಡೆಯಿಂದ ಆ ಫಲಕ, ಫೋಟೋ ಎರಡೂ ಮಾಯ. ನೋಟ್‌ಬುಕ್ ಕೂಡ ಇರಲಿಲ್ಲ. ಪತ್ರಿಕೆಗೆ ಇಷ್ಟು ಸಾಕಾಯಿತು. ತೆಗೆದರೆಂದರೆ ಏನೋ ಇದೆ ಎಂದು ಮತ್ತೆ ಬರೆಯಿತು.

ಇಂಚರಾ ಫೋನ್ ಮಾಡಿದಳು. ಅಜ್ಜ ತಪ್ಪು ಮಾಡಿಲ್ಲವೆಂದು ಒಂದೇ ಒಂದು ಸಾಲು ಬರೆಯಿರಿ ಎಂದು ಬೇಡಿಕೊಂಡಳು. ಕಾರಣ ಕೊಡದೆ ಬರೆದರೆ ಯಾರೂ ನಂಬುವುದಿಲ್ಲ ಎಂದ ಅವನು.

"ಅಂದ್ರೆ ಕಾರಣ ನಿಮಗೆ ಗೊತ್ತಾ?"

"ಗೊತ್ತುಂಟು ಇಂಚರಾ. ಹೇಳ್ಲಿಕ್ಕೆ ಆಗುದಿಲ್ಲ."

ಬಾಯಿಬಿಟ್ಟು ಹೇಳಲಾಗದ ಕಾರಣವೆಂದರೆ ಇನ್ನೇನು? ಇವನು ಅಜ್ಜನ ಬಾಯಿ ಬಿಡಿಸಲೆಂದೇ ವಾರವಾರ ಬಂದನೇ? ನನ್ನ ಸ್ಕೂಟರು, ನನ್ನ ಪ್ಲಾಟ್‌ಫಾರ್ಮು... ಎಲ್ಲವೂ ಅದಕ್ಕೇನಾ?

"ಇನ್ಮೇಲೆ ನಮ್ಮನೆಗೆ ಬರಬೇಡಿ," ಎಂದು ಫೋನ್ ಇಟ್ಟುಬಿಟ್ಟಳು.

ಮೂರು ಭಾನುವಾರ ಕಳೆದವು. ಅಜ್ಜ ಪ್ರತಿ ಸಲವೂ ಜಗಲಿಯಲ್ಲಿ ಎರಡು ಕುರ್ಚಿ ಹಾಕಿಸುವರು. ಮೂರನೆಯ ಸಲ ಕೇಳಿಯೇಬಿಟ್ಟರು.

"ಆ ಹುಡುಗ ಯಾಕವ್ವಾ ಬರಂಗಿಲ್ಲ?"

ಅವಳಿಗೆ ತಡೆಯಲಾಗಲಿಲ್ಲ. "ಅಜ್ಜಾ, ನೀವು ರಷ್ಯಾದವರಿಗೆ ಏನಾದ್ರೂ ಕೊಟ್ರಾ?"

ಓಂಕಾರಪ್ಪ ಅವಳನ್ನೇ ದಿಟ್ಟಿಸಿದರು. ಕೈಯಲ್ಲಿದ್ದ ಮಂಡಕ್ಕಿ ತಟ್ಟೆಗೇ ಉದುರಿತು.

"ನೀನೂ ಕೇಳಿದಿ," ಎಂದರು ಮೆಲ್ಲಗೆ. ಆಮೇಲೆ, "ಅವ ನಿಂಗೆ ಹೇಳಲಿಲ್ಲೇನು?"

"ಹೇಳೋಕೆ ಆಗಲ್ಲ ಅಂದ್ರು. ಅದಕ್ಕೇ ಬರಬೇಡಿ ಅಂದೆ."

ಅಜ್ಜ ಎದ್ದು ಒಳಗೆ ಹೋದರು. ನೀಲಿ ಪೆಟ್ಟಿಗೆಯ ತಳದಿಂದ ಏನನ್ನೋ ತೆಗೆದು ಜೇಬಿಗೆ ಹಾಕಿಕೊಂಡರು. ನಾಳೆ ಬೆಳಿಗ್ಗೆಯ ರೈಲಿಗೆ ಎರ್ನಾಕುಲಂ ಟಿಕೆಟ್ ತೆಗಿ, ಇಬ್ಬರಿಗೂ ಎಂದರು.

ಮರುದಿನ ಹಾಲ್‌ನಲ್ಲಿ ಅವರನ್ನು ಕಂಡು ಯಶವಂತ್ ಗಡಬಡಿಸಿ ಕುರ್ಚಿ ತಂದ. ಅಜ್ಜ ಕೂರಲಿಲ್ಲ. ಜೇಬಿನಿಂದ ಒಂದು ಬೋಲ್ಟು ತೆಗೆದು ಖಾಲಿ ಗಾಜಿನ ಮೇಲಿಟ್ಟರು. ಆರು ಮೂಲೆ ಇರಬೇಕಾದ ಅದರ ತಲೆ ಸವೆದು ಗುಂಡಗಾಗಿತ್ತು.

"ಇದನ್ನ ಹಾಳು ಮಾಡಿದವ ನಾನು," ಎಂದರು ಮೊಮ್ಮಗಳಿಗೆ. "ನೀಲಿ ಪೆಟ್ಟಿಗೆ ಅಮೆರಿಕದವರದ್ದಕ್ಕೆ, ಅದು ಇಂಚು. ಕೆಂಪು ಪೆಟ್ಟಿಗೆ ರಷ್ಯಾದವರದ್ದಕ್ಕೆ, ಅದು ಮಿಲಿಮೀಟರು. ಅರ್ಧ ಇಂಚಿಗೂ ಹದಿಮೂರಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ನೋಡು. ಒಂದಿನ ಗಡಿಬಿಡಿಯಾಗೆ ಅಮೆರಿಕದ ಬೋಲ್ಟಿಗೆ ಕೆಂಪು ಪೆಟ್ಟಿಗೆ ಹದಿಮೂರರ ಸ್ಪ್ಯಾನರ್ ಹಾಕಿಬಿಟ್ಟೆ. ಹಿಡಿದಂಗೆ ಅನಿಸ್ತು. ತಿರುವಿದೆ, ಜಾರಿತು. ಅವತ್ತು ರಾಕೆಟ್ ಹಾರಲಿಲ್ಲ."

ಆಮೇಲೆ ನಡೆದದ್ದನ್ನು ಅವರು ತಲೆ ತಗ್ಗಿಸಿಯೇ ಹೇಳಿದರು. ಅಮೆರಿಕದವರು ಇದು ರಷ್ಯಾದವರ ಕೈವಾಡ ಅಂದುಕೊಂಡರು. ತಮ್ಮ ತಲೆಗೆ ಕಟ್ಟಲು ಅಮೆರಿಕದವರೇ ಹೂಡಿದ ಆಟ ಅಂತ ರಷ್ಯಾದವರು. ಮೂರು ದಿನ ಒಂದೇ ಮೇಜಿನಲ್ಲಿ ಚಹಾ ಕುಡಿಯಲಿಲ್ಲ. ಆ ವಾರವೇ ಓಂಕಾರಪ್ಪ ಪ್ರತಿ ಇಂಚಿನ ಅಳತೆಯ ಎದುರಿಗೂ ಅದಕ್ಕೆ ಹಾಕಲೇಬಾರದ ಮಿಲಿಮೀಟರನ್ನು ಕೆಂಪಿನಲ್ಲಿ ಬರೆದಿಟ್ಟುಕೊಂಡರು. ಆದರೆ ತಪ್ಪು ನನ್ನದೆಂದು ಯಾರಿಗೂ ಹೇಳಲಿಲ್ಲ.

"ಅಜ್ಜಾ, ಇಷ್ಟಕ್ಕೇ ಗೂಢಚಾರ ಅನ್ನಿಸ್ಕೊಂಡ್ರಾ?"

"ಗೂಢಚಾರ ಅಂದ್ರೆ ಜನ ಹೆದರಿಯಾದ್ರೂ ನೋಡ್ತಾರೆ. ಸ್ಪ್ಯಾನರ್ ಹಿಡಿಯಾಕೆ ಬರದ ಫಿಟ್ಟರ್ ಅಂದ್ರೆ ನಗ್ತಾರವ್ವಾ. ಅದರಾಗೂ ನಿನ್ನ ಮುಂದೆ... ಅವತ್ತು ಗೇಟಿಗೆ ಅಂತ ಈ ಹುಡುಗ ಕೆಂಪು ಪೆಟ್ಟಿಗೆಗೆ ಕೈ ಹಾಕಿದ, ಹದಿಮೂರನ್ನೇ ಎತ್ತಿದ. ನನ್ನ ಬಾಯಿಂದ ಎಲ್ಲಾ ಬಂದುಬಿಡ್ತು. ಯಾರಿಗೂ ಹೇಳಬ್ಯಾಡ ಅಂತ ಆಣೆ ಹಾಕಿಸ್ಕೊಂಡೆ."

ಅವರು ಇಬ್ಬರನ್ನೂ ನೋಡಿದರು.

"ಆಗ ಎರಡು ದೇಶ, ಈಗ ನೀವಿಬ್ಬರು. ಎರಡು ಸಲವೂ ನಡುವೆ ಬಾಯಿ ಮುಚ್ಚಿಕೊಂಡು ನಿಂತವ ನಾನೇ. ತಮ್ಮಾ, ನಿನ್ನ ಆಣೆ ಬಿಡಿಸೀನಿ. ಗೋಡೆ ಮೇಲೆ ಬರಿ. ನನ್ನ ಹೆಸರು ಹಾಕಿಯೇ ಬರಿ."

ಯಶವಂತ್ ಬರೆಯಲಿಲ್ಲ. ಒಂದು ದೊಡ್ಡ ಹಾಳೆಯನ್ನೂ ಕೆಂಪು ಪೆನ್ನನ್ನೂ ಅಜ್ಜನ ಕೈಗೇ ಕೊಟ್ಟ. ಅವರು ಈಗ ಕುರ್ಚಿಯಲ್ಲಿ ಕೂತು, ಒಂದೊಂದೇ ಅಕ್ಷರ ಬರೆಯತೊಡಗಿದರು.

ಇಂಚರಾ ಖಾಲಿ ಗೋಡೆಯ ಹತ್ತಿರ ಅವನ ಪಕ್ಕ ಬಂದು ನಿಂತಳು.

"ಅಷ್ಟೆಲ್ಲ ಅಂದೆ ನಿಮಗೆ. ಒಂದು ಮಾತು ಹೇಳಿದ್ದಿದ್ರೆ..."

"ಹೇಳಿದ್ರೆ ನಿಮ್ಮೆದುರು ಅಜ್ಜ ಸಣ್ಣವರಾಗ್ತಿದ್ರು. ಹೇಳದಿದ್ರೆ ನಾನು. ನಾನಾದ್ರೆ ಅಡ್ಡಿಲ್ಲ ಅಂತ ಕಂಡಿತು."

"ಅಡ್ಡಿ ಇತ್ತು," ಎಂದಳು ಅವಳು, ಕಣ್ಣೊರೆಸಿಕೊಂಡು. "ಮೂರು ಭಾನುವಾರ ಸ್ಟೇಷನ್ನಿಗೆ ಹೋಗಿ ಸುಮ್ಮನೆ ವಾಪಸ್ ಬಂದಿದ್ದೀನಿ."

ಅವನು ಕನ್ನಡಕ ತೆಗೆದು ಒರೆಸಿದ. ಮತ್ತೆ ಹಾಕಿಕೊಳ್ಳಲು ಮರೆತ.

"ನಮ್ಮ ಗೇಟು ಇನ್ನೂ ಅಲುಗಾಡ್ತಿದೆ," ಎಂದಳು.

"ಈ ಭಾನುವಾರ ಬರ್ತೇನೆ. ಒಂದು ವಿಷಯ ಕೇಳ್ಲಿಕ್ಕೂ ಉಂಟು."

"ಇಲ್ಲೇ ಕೇಳಿ."

"ಗೋಡೆ ಹತ್ರ ನಿಂತು ಕೇಳುದು ತಪ್ಪು, ಮನೆಗೆ ಬಂದು ಕೇಳ್ಬೇಕು ಅಂತ ನೀವೇ ಹೇಳಿದ್ದಲ್ವಾ?"

ಅವಳ ಮುಖ ಕೆಂಪಾಯಿತು. ಅತ್ತ ಅಜ್ಜ ಬರೆಯುವುದನ್ನು ನಿಲ್ಲಿಸಿ, ಕೇಳಿಸಿಯೂ ಕೇಳಿಸದವರಂತೆ ಪೆನ್ನಿನ ತುದಿಯನ್ನೇ ನೋಡುತ್ತಿದ್ದರು.

"ಹಾಗಾದ್ರೆ ಒಬ್ಬರೇ ಬರಬೇಡಿ," ಎಂದಳು ಇಂಚರಾ. "ನಿಮ್ಮಮ್ಮನ್ನೂ ಕರ್ಕೊಂಡು ಬನ್ನಿ."