ಉಳ್ಳೂರಿನ ಮನೆಯ ಬಿಸಿನೀರು

"ಬಿಸಿನೀರು ಕಳ್ಳತನ ಆಗ್ತಿದೆ ಅಂದ್ರೆ ನಗ್ತೀರೇನೋ," ಎಂದರು ಶಂಕರನಾರಾಯಣ.

ಚಂದ್ರಾವತಿ ನಗಲಿಲ್ಲ. ಕೇರಳದ ಕನ್ನಡಿಗರು ಯಾವ ಗೋಜಲಿಗೂ ಕೊಚ್ಚಿಯ ಕಲೂರಿನ ಅವಳ ಮನೆಗೇ ಬರುತ್ತಿದ್ದರು. ಅವಳ ಗಂಡ ಕೃಷ್ಣಾನಂದ, ಬ್ಯಾಂಕಿನ ಅಧಿಕಾರಿ, ಎಂದಿನಂತೆ ಪಕ್ಕದಲ್ಲಿ ಕೂತು ಕಿವಿಗೊಟ್ಟ.

೧೯೯೬ರ ಏಪ್ರಿಲ್. ತಿರುವನಂತಪುರದಲ್ಲಿ ವಿಜ್ಞಾನಿಯಾಗಿದ್ದ ಶಂಕರನಾರಾಯಣ, ಅಲ್ಲಿನ ಉಳ್ಳೂರಿನಲ್ಲಿ ಕಡಿಮೆ ವಿದ್ಯುತ್ತು ಸಾಕಾಗುವ ಮನೆ ಕಟ್ಟಿಸಿದ್ದರು. ಹಳೆಯ ಏಸಿಯ ಕಂಪ್ರೆಸರಿನಿಂದ ತಾವೇ ಹೀಟ್ ಪಂಪ್ ಜೋಡಿಸಿದ್ದರು. ಅದು ಉಗ್ರಾಣದ ಗಾಳಿಯ ಶಾಖವನ್ನು ಎಳೆದು ತೊಟ್ಟಿಯ ನೀರು ಕಾಯಿಸುತ್ತಿತ್ತು. ದಿನಕ್ಕೆ ಒಂದೂವರೆ ಯೂನಿಟ್ ಸಾಕಿತ್ತು. ಮೂರು ವಾರದಿಂದ ನಾಲ್ಕು ಬೇಕಾಗುತ್ತಿತ್ತು.

"ಕೆಲಸದ ರಾಜೀವಿಯದೇ ಕೈವಾಡ. ಬಿಡಿಸೋಣ ಅಂದ್ರೆ ನನ್ನ ಹೆಂಡತಿ ವಸಂತ ಅಳ್ತಾಳೆ."

ಮರುದಿನ ಹೇಳದೆ ಕೇಳದೆ ಮೂವರೂ ಸಂಜೆ ನಾಲ್ಕಕ್ಕೆ ಉಳ್ಳೂರಿನಲ್ಲಿ ಇಳಿದರು. ವಸಂತ ಬಾಗಿಲು ತೆರೆದಳು. ಬಚ್ಚಲು ಒಣಗಿತ್ತು. ತೊಟ್ಟಿ ತೊಳೆಯಲೆಂದು ಇಟ್ಟ ನಲ್ಲಿಯ ಪೈಪು ಹಿತ್ತಲ ಬಾಳೆಬುಡಕ್ಕೆ ಹೋಗಿತ್ತು. ಚಂದ್ರಾವತಿ ಬಗ್ಗಿ ಅಲ್ಲಿನ ಮಣ್ಣು ಮುಟ್ಟಿದಳು. ಅಷ್ಟರಲ್ಲಿ ಸೆಕೆಗೆ ಬೆವರುತ್ತಿದ್ದ ಕೃಷ್ಣಾನಂದ ಉಗ್ರಾಣಕ್ಕೆ ಇಣುಕಿದ, ಅಲ್ಲಿನ ಚಳಿಗೆ ಮೈ ಜುಮ್ಮೆಂದಿತು. ಗೂಟದಲ್ಲಿ ಒಂದು ಉಣ್ಣೆಯ ಸ್ವೆಟರ್ ತೂಗುತ್ತಿತ್ತು.

ಹೇಳಿಕಳಿಸಿದಾಗ ರಾಜೀವಿ ಅಳುತ್ತಲೇ ಬಂದಳು. "ಞಾನಲ್ಲ ಚೇಚೀ, ಞಾನಲ್ಲ!"

"ನೀನಲ್ಲ ಅಂತ ನನಗೆ ಗೊತ್ತುಂಟು, ಕೂತ್ಕೋ," ಎಂದು ಚಂದ್ರಾವತಿ ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿದಳು. "ರಾಜೀವಿ ಹನ್ನೆರಡಕ್ಕೇ ಮನೆಗೆ ಹೋಗ್ತಾಳೆ. ಬಾಳೆಬುಡ ಈಗಲೂ ಬೆಚ್ಚಗುಂಟು. ಅಂದರೆ ಈಗಷ್ಟೇ ಯಾರೋ ನೀರು ಬಿಟ್ಟಿದ್ದಾರೆ, ಅದೂ ಬಳಸದೆ. ಹಾಗಾದರೆ ಅವರಿಗೆ ಬೇಕಾದ್ದು ನೀರಲ್ಲ. ಬಿಸಿನೀರು ಬರಿದಾದರೆ ಪಂಪು ಓಡ್ತದೆ. ಪಂಪು ಓಡಿದರೆ ಉಗ್ರಾಣ ತಣ್ಣಗಾಗ್ತದೆ. ಬೇಕಾದ್ದು ಆ ಚಳಿ. ಇಲ್ಲದಿದ್ದರೆ ಏಪ್ರಿಲಿನಲ್ಲಿ ಸ್ವೆಟರ್ ಯಾರಿಗೆ, ಮಾರಾಯ್ರೆ? ಮಧ್ಯಾಹ್ನ ಮನೆಯಲ್ಲಿ ಇರುವವರು ಒಬ್ಬರೇ."

ವಸಂತ ತಲೆ ತಗ್ಗಿಸಿದಳು. "ಹೇಳೋಕೆ ನಾಚಿಕೆ ಆಯ್ತು. ರಾಜೀವಿ, ನನ್ನ ಕ್ಷಮಿಸಮ್ಮ." ಆಮೇಲೆ ಗಂಡನ ಕಡೆ ತಿರುಗಿದಳು. "ಇಲ್ಲಿಗೆ ಬಂದು ಹನ್ನೊಂದು ವರ್ಷ ಆಯ್ತು. ಮಲ್ಲೇಶ್ವರದ ಬಾಡಿಗೆ ಮನೆಯಲ್ಲಿ ಡಿಸೆಂಬರ್ ಬಂದ್ರೆ ಇಬ್ರೂ ಒಂದೇ ಶಾಲು ಹೊದ್ಕೊಂಡು ಕೂರ್ತಿದ್ವಿ. ಆಗ ನೀವು ಎಷ್ಟು ಮಾತಾಡ್ತಿದ್ರಿ! ಕಣ್ಮುಚ್ಚಿ ಉಗ್ರಾಣದ ಚಳೀಲಿ ಕೂತ್ರೆ ಅದೆಲ್ಲ ಕೇಳಿಸುತ್ತೆ."

ಶಂಕರನಾರಾಯಣ ಎದ್ದರು. ರಾಜೀವಿಗೆ ಕೈಮುಗಿದರು.

"ವಸಂತಾ, ಅಲ್ಲಿ ಇಬ್ಬರಿಗೆ ಜಾಗ ಇದೆಯಾ?"

"ಅಕ್ಕಿ ಡಬ್ಬ ಸರಿಸಿದ್ರೆ ಇದೆ."

ಅವರು ಸರಿಸಲು ಹೋದರು. ಕೃಷ್ಣಾನಂದ ಸದ್ದಿಲ್ಲದೆ ಹೆಂಡತಿಯ ಚೀಲ ಎತ್ತಿಕೊಂಡ.