ಕೆಂಚನಗುಡ್ಡದ ಜಾಡುಗಾರ

ಕೆಂಚನಗುಡ್ಡದ ಅಣೆಕಟ್ಟಿನ ಗೇಟುಗಳನ್ನು ಈಗ ಮನುಷ್ಯರು ಎತ್ತುವುದಿಲ್ಲ. ಮೋಡದ ತೂಕ ನೋಡಿ, ಎಷ್ಟು ನೀರು ಬಿಡಬೇಕೆಂದು ತಾನೇ ತೀರ್ಮಾನಿಸಿ, ಜಲಪಾಲಕ ಯಂತ್ರವೇ ಎತ್ತುತ್ತದೆ, ಇಳಿಸುತ್ತದೆ. ಮಹಾ ಬುದ್ಧಿವಂತ ಯಂತ್ರ! ಆದರೂ ವಾರಕ್ಕೊಮ್ಮೆಯಾದರೂ ಮೊಂಡ ಎತ್ತಿನಂತೆ ನಿಂತುಬಿಡುತ್ತಿತ್ತು.

ನಿಂತಾಗಲೆಲ್ಲ ಧಾರವಾಡದ ನಿಯಂತ್ರಣ ಕೊಠಡಿಯಿಂದ ಎಂಜಿನಿಯರ್ ಮಂದಾಕಿನಿ ಅಣೆಕಟ್ಟಿನ ಕಾವಲುಗಾರ ರಾಚಯ್ಯನಿಗೆ ಫೋನ್ ಮಾಡಬೇಕು. ಆತ ಹೋಗಿ ಯಂತ್ರವನ್ನು ಆರಿಸಿ ಮತ್ತೆ ಹಚ್ಚಬೇಕು. ಅದು ಎಚ್ಚರಗೊಳ್ಳುವವರೆಗೆ ಇಬ್ಬರಿಗೂ ಮಾತಲ್ಲದೆ ಬೇರೆ ಕೆಲಸವಿಲ್ಲ. ಆತ ಊಟವಾಯಿತೇ ಎಂದು ಕೇಳುತ್ತಿದ್ದ, ಕಟ್ಟೆಯ ಮೇಲೆ ಕೂರುವ ನೀರುಕಾಗೆಗಳ ಮೇಲೆ ಚಾಡಿ ಹೇಳುತ್ತಿದ್ದ. ಆ ಕೊಠಡಿಯಲ್ಲಿ ಒಬ್ಬಳೇ ದುಡಿಯುವ ಮಂದಾಕಿನಿಯ ಕಿವಿಗೆ ವಾರವಿಡೀ ಬೀಳುತ್ತಿದ್ದ ಮನುಷ್ಯರ ದನಿ ಅದೊಂದೇ.

ಕೊನೆಗೆ ದೋಷ ಅವಳಿಗೆ ಸಿಕ್ಕಿತು. ಯಂತ್ರದ ತಿರುಳು, ಅಂದರೆ ಎಲ್ಲ ಕೆಲಸ ಹಂಚುವ ಮೂಲ ತಂತ್ರಾಂಶ, ಏನೇನು ಮಾಡಿತೆಂದು ಬರೆದಿಡಲು ಅದರೊಳಗೇ ಒಬ್ಬ 'ಜಾಡುಗಾರ' ಇದ್ದ, ಅವನೂ ಒಂದು ಪುಟ್ಟ ತಂತ್ರಾಂಶವೇ. ಬರೆಯಲು ಅವನಿಗೆ ಯಂತ್ರದ ಸ್ಮೃತಿಯಲ್ಲಿ, ಅಂದರೆ ಮೆಮೊರಿಯಲ್ಲಿ, ಒಂದಿಷ್ಟು ಜಾಗ ಸಿಗುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಬಿಟ್ಟುಕೊಡಬೇಕು. ಈ ಮಹಾರಾಯ ಮಾತ್ರ, ಖಾಲಿ ಮಾಡಿದ ಬಾಡಿಗೆ ಮನೆಯ ಬೀಗದಕೈ ಇಟ್ಟುಕೊಂಡವನಂತೆ, ಹಳೆಯ ಜಾಗಕ್ಕೇ ನುಗ್ಗಿ ಗೀಚುತ್ತಿದ್ದ. ಅಷ್ಟರಲ್ಲಿ ಅಲ್ಲಿ ಗೇಟಿನ ಲೆಕ್ಕಾಚಾರ ಸಂಸಾರ ಹೂಡಿರುತ್ತಿತ್ತು. ಅದು ಕೆಟ್ಟು ಯಂತ್ರ ನಿಲ್ಲುತ್ತಿತ್ತು.

ತಿದ್ದಿದರೆ ಕರೆಗಳೂ ನಿಲ್ಲುತ್ತವೆ. ಮಂದಾಕಿನಿ ಒಂದೆರಡು ದಿನ ಕೈಕಟ್ಟಿ ಕುಳಿತಳು, ಅದಕ್ಕಾಗಿ ನಾಚಿಕೆಯನ್ನೂ ಪಟ್ಟಳು. ಮಳೆಗಾಲದಲ್ಲಿ ಗೇಟು ನಿಂತರೆ ಕೆಳಗಿನ ಊರುಗಳ ಗತಿಯೇನು? ಜಾಡುಗಾರ ಬರೆದು ಮುಗಿಸಿದನೆಂದು ಖಾತ್ರಿಯಾಗುವವರೆಗೆ ಆ ಜಾಗ ಇನ್ನಾರಿಗೂ ಸಿಗದಂತೆ ಕಟ್ಟುಮಾಡಿ, ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಳು.

ಯಂತ್ರ ಮತ್ತೆ ನಿಲ್ಲಲಿಲ್ಲ. ಮೇಲಧಿಕಾರಿಗಳು ಹೊಗಳಿದರು. ಫೋನ್ ತೆಪ್ಪಗೆ ಬಿದ್ದಿತ್ತು. ಕೆಲಸವಿಲ್ಲದೆ ಅಧಿಕಾರಿಯೊಬ್ಬಳು ಕಾವಲುಗಾರನಿಗೆ ಯಾವ ನೆಪದಲ್ಲಿ ಫೋನ್ ಮಾಡುವುದು? ಅವಳಿಗೆ ಸಂಕೋಚ. ಊಟದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿಡುತ್ತಿದ್ದಳು.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ರಾಚಯ್ಯನೇ ಫೋನ್ ಮಾಡಿದ. ಯಂತ್ರ ಮತ್ತೆ ನಿಂತಿದೆ ಎಂದ. ತಿದ್ದಿದ್ದೇ ತಪ್ಪಾಯಿತೇ? ಮಂದಾಕಿನಿ ಜಾಡುಗಾರನ ಬರಹ ತೆರೆದಳು. ಈಗ ಅವನ ಬರಹವನ್ನು ಕಣ್ಣುಮುಚ್ಚಿ ನಂಬಬಹುದಿತ್ತು. ತಿರುಳಿನಲ್ಲಿ ದೋಷವೇ ಇರಲಿಲ್ಲ. ಯಾರೋ ಗುಂಡಿ ಒತ್ತಿ ಯಂತ್ರವನ್ನು ಆರಿಸಿದ್ದರು. ಅಲ್ಲಿ ಇರುವವನು ರಾಚಯ್ಯನೊಬ್ಬನೇ.

ಅವಳಿಗೆ ಮೊದಲು ಸಿಟ್ಟು ಬಂತು, ಆಮೇಲೆ ಕಣ್ಣು ತುಂಬಿತು.

“ರಾಚಯ್ಯನವರೇ, ಇನ್ನು ಮೇಲೆ ಯಂತ್ರ ಆರಿಸಬೇಡಿ. ಸುಮ್ಮನೆ ಫೋನ್ ಮಾಡಿ.”

ಆ ಕಡೆ ರಾಚಯ್ಯ ಯಂತ್ರ ಹಚ್ಚಿದ ಸದ್ದು ಕೇಳಿಸಿತು.

“ಸುಮ್ಸುಮ್ನ ಫೋನ್ ಮಾಡಾಕ ಬರತೈತೇನ್ರಿ, ಮೇಡಮ್ಮಾರ?”