ಅವಳು ಬರೆದ ಮನೆಯಲ್ಲಿದ್ದವನು

ಮೂರು ವಾರ ಫೋನಿನಲ್ಲಿ ಮಾತಾಡಿದ ಮೇಲೆ, ಆ ಮನುಷ್ಯನಿಗೆ ಐವತ್ತೈದಾದರೂ ಆಗಿರಬೇಕೆಂದು ಶರ್ಮಿಳಾ ತೀರ್ಮಾನ ಮಾಡಿಬಿಟ್ಟಿದ್ದಳು. ಅಂಥ ಗಂಭೀರ ದನಿ. ಗ್ರಾಫಿಕ್ಸ್ ಕಾರ್ಡ್ ಬಗ್ಗೆ ಕೇಳಿದರೂ ಆಸ್ಪತ್ರೆಯ ರಿಪೋರ್ಟ್ ಓದಿ ಹೇಳುವ ಹಾಗೆ ಉತ್ತರ. ಹಾಗಾಗಿ ಆ ಗುರುವಾರ ಬೆಳಿಗ್ಗೆ ಅಜ್ಜಾವರದ ಅವರ ಮನೆಯಂಗಳದಲ್ಲಿ ಜೀಪು ನಿಂತು, ತೆಳ್ಳಗಿನ ಗಡ್ಡದ ಯುವಕನೊಬ್ಬ ದೊಡ್ಡ ಪೆಟ್ಟಿಗೆ ಹಿಡಿದು ಇಳಿದಾಗ ಅವಳು ಅವನ ಹಿಂದೆ ಇಣುಕಿದಳು.

"ಸಾರ್ ಬರ್ಲಿಲ್ವಾ?"

"ಯಾವ ಸಾರ್?"

"ಸುಳ್ಯದ ಕಂಪ್ಯೂಟರ್ ಅಂಗಡಿಯ ಉದಯ ಸಾರ್."

ಅವನು ಪೆಟ್ಟಿಗೆಯನ್ನು ಮೆಲ್ಲಗೆ ಜಗಲಿಯ ಮೇಲಿಟ್ಟ. "ಉದಯ ನಾನೇ. ಶರ್ಮಿಳಾ ಮೇಡಂ ಒಳಗಿದ್ದಾರಾ?"

"ನಾನೇ ಶರ್ಮಿಳಾ."

ಅವನ ಹುಬ್ಬು ಹಣೆಗೇರಿತು. "ಒಂದೊಂದು ಪಾರ್ಟಿನ ಹೆಸರನ್ನೂ ಐದೈದು ಸಲ ಹೇಳಿಸಿ ಬರೆದುಕೊಂಡ್ರಲ್ಲ? ಯಾರೋ ರಿಟೈರ್ ಆದ ಟೀಚರ್ ಅಂತ ಎಣಿಸಿದ್ದೆ ಮಾರಾಯ್ರೆ."

ಒಳಗಿನಿಂದ ಅಮ್ಮ ಸೇವಂತಿ ಗಟ್ಟಿಯಾಗಿ ನಕ್ಕಳು. "ಬನ್ನಿ, ಬನ್ನಿ. ಆಸರಿಗೆ ಕುಡೀಲಿಕ್ಕೆ ಎಂತ ಕೊಡ್ಲಿ?"

ಶರ್ಮಿಳಾಗೆ ಮೂವತ್ತು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ತಾಯಿ, ಮಗಳು ಇಬ್ಬರೇ. ಎಂಟು ವರ್ಷ ಅವಳು ಪುತ್ತೂರಿನ ಎಂಜಿನಿಯರ್ ಕೃಷ್ಣಮೋಹನ ಅವರ ಆಫೀಸಿನಲ್ಲಿ ಮನೆಗಳ ನಕ್ಷೆ ಬರೆಯುತ್ತಿದ್ದಳು. ಮೊದಮೊದಲು ಸ್ವಂತ ತಲೆ ಓಡಿಸುತ್ತಿದ್ದಳು. ಆಮೇಲೆ ಹಾಗೆ ಅವಳು ಬರೆದ ಒಂದು ಮನೆಯನ್ನು, ಅದನ್ನು ಕಟ್ಟಿಸಬೇಕಿದ್ದ ಪಾರ್ಟಿಯವರು "ಬೇಡ" ಎಂದು ತಳ್ಳಿಹಾಕಿದರಂತೆ. ಎಂಜಿನಿಯರ್ ಹಾಗೆ ಹೇಳಿದ ದಿನದಿಂದ ಅವಳ ಕೈ ಹಿಂದೆ ಸರಿದಿತ್ತು. ಅವರು ಹೇಳಿದ್ದನ್ನು ಹೇಳಿದ ಹಾಗೆ ಗೆರೆ ಎಳೆಯುವುದರಲ್ಲೇ ನಾಲ್ಕು ವರ್ಷ ಹೋಯಿತು. ಕಡೆಗೆ ಈ ಮಾರ್ಚಿನಲ್ಲಿ ಕೆಲಸ ಬಿಟ್ಟಳು. ಮನೆಯಲ್ಲೇ ಕೂತು ಸ್ವಂತವಾಗಿ ಮನೆ ಡಿಸೈನ್ ಮಾಡುವುದೆಂದು ನಿಶ್ಚಯಿಸಿದಳು. ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದು ತ್ರೀಡಿ ಚಿತ್ರ ಪೂರ್ತಿ ಮೂಡುವಷ್ಟರಲ್ಲಿ ಅನ್ನ, ಸಾಂಬಾರು ಎರಡೂ ಆಗುತ್ತಿದ್ದವು. ಅದಕ್ಕೇ ಈ ಹೊಸ ಕಂಪ್ಯೂಟರ್.

ರಸ್ತೆಯ ಕಡೆಗಿನ ಕೋಣೆಯಲ್ಲಿ ಮೇಜು ಸಿದ್ಧವಾಗಿತ್ತು. ಉದಯ ಮೊದಲು ಗೋಡೆಯ ಪ್ಲಗ್ಗಿಗೆ ಟೆಸ್ಟರ್ ಹಾಕಿ ನೋಡಿದ. ಅರ್ಥಿಂಗ್ ಸರಿ ಉಂಟೆಂದು ಗೊತ್ತಾಗುವ ತನಕ ಪೆಟ್ಟಿಗೆಯನ್ನೇ ಬಿಚ್ಚಲಿಲ್ಲ. ಮಾನಿಟರ್ ಇಟ್ಟವನು ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಅವಳ ಕಣ್ಣಿನ ಎತ್ತರಕ್ಕೆ ಅದನ್ನು ಏರಿಸಿದ, ಇಳಿಸಿದ.

"ನೇರ ನೋಡಿ."

ಅವಳು ನೇರ ನೋಡಿದಳು. ಮಾನಿಟರಿನ ಮೇಲಂಚಿನಿಂದ ಅವನ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು.

"ನನ್ನನ್ನಲ್ಲ, ಸ್ಕ್ರೀನನ್ನು."

"ಅದರಲ್ಲಿ ಎಂತ ಉಂಟು ನೋಡ್ಲಿಕ್ಕೆ? ಇನ್ನೂ ಆನ್ ಮಾಡ್ಲಿಲ್ವಲ್ಲ ನೀವು!"

ಅವನು ನಕ್ಕ. ಫೋನಿನ ದನಿಗೂ ಆ ನಗುವಿಗೂ ಸಂಬಂಧವೇ ಇರಲಿಲ್ಲ. ಶರ್ಮಿಳಾ ತಲೆ ತಗ್ಗಿಸಿ ವಯರುಗಳನ್ನು ಬಿಡಿಸತೊಡಗಿದಳು. ಬಿಡಿಸಿದ್ದೇ ಇನ್ನಷ್ಟು ಸಿಕ್ಕಾಯಿತು.

ಹನ್ನೊಂದೂವರೆಗೆ ಎಲ್ಲ ಮುಗಿಯಿತು. ಸಾಫ್ಟ್‌ವೇರ್ ಕೂತಿತು. ಲ್ಯಾಪ್‌ಟಾಪಿನ ಫೈಲುಗಳೆಲ್ಲ ಹೊಸದಕ್ಕೆ ಬಂದವು.

"ಯಾವುದಾದ್ರೂ ದೊಡ್ಡ ಫೈಲ್ ಓಪನ್ ಮಾಡಿ. ಎಷ್ಟು ಸ್ಪೀಡ್ ಉಂಟು ನೋಡುವಾ."

ಆಫೀಸಿನ ಯಾವ ಫೈಲನ್ನೂ ಅವಳು ತಂದಿರಲಿಲ್ಲ. ಇದ್ದದ್ದು ಒಂದೇ, ಯಾರಿಗೂ ಬೇಡವಾದ ಆ ಮನೆ. ತಿರಸ್ಕರಿಸಿದ್ದು ತನ್ನ ಹತ್ತಿರ ಇದ್ದರೆ ಯಾರಿಗೆ ನಷ್ಟವೆಂದು ಇಟ್ಟುಕೊಂಡಿದ್ದಳು. ಬಟನ್ ಒತ್ತಿದಳು. ಗುಡ್ಡದ ಇಳಿಜಾರು ಮೂಡಿತು, ಹೆಂಚು ಮೂಡಿತು, ಮುಂಭಾಗದಲ್ಲಿ ನೆಲದಿಂದ ಒಂದೂವರೆ ಅಡಿ ಎತ್ತರಕ್ಕೇ ಶುರುವಾಗುವ ಅಗಲದ ಕಿಟಕಿ ಮೂಡಿತು.

ಹಿಂದೆ ಠಣ್ಣೆಂದು ಸದ್ದಾಯಿತು. ಉದಯನ ಕೈಯಿಂದ ಸ್ಕ್ರೂಡ್ರೈವರ್ ಬಿದ್ದಿತ್ತು.

"ಎಂತ ಆಯ್ತು?"

ಅವನು ಮೇಜಿನ ಅಂಚು ಹಿಡಿದುಕೊಂಡ.

"ಇದು ನಮ್ಮ ಮನೆ."

"ಇದಾ? ಇದು ಯಾರ ಮನೆಯೂ ಅಲ್ಲ. ಇದನ್ನು ಕಟ್ಟಲೇ ಇಲ್ಲ."

"ರಾಮಕುಂಜದಲ್ಲಿ ಉಂಟು. ನಾನು ಇವತ್ತು ಬೆಳಿಗ್ಗೆ ಇದೇ ಬಾಗಿಲಿಗೆ ಬೀಗ ಹಾಕಿ ಬಂದದ್ದು." ಅವನು ಸ್ಕ್ರೀನಿನ ಮೇಲೆ ಬೆರಳಿಟ್ಟ. "ಈ ಕೋಣೆಯ ಕಿಟಕಿಯ ಪಕ್ಕದ ಗೋಡೆಯಲ್ಲಿ ಒಂದು ಗೂಡು ಉಂಟಲ್ವಾ? ನೆಲದ ಹತ್ರ?"

ಆ ಗೂಡು ಸ್ಕ್ರೀನಿನಲ್ಲಿ ಕಾಣುತ್ತಿರಲಿಲ್ಲ. ಅದು ಒಳಗಿನ ಗೋಡೆಯದ್ದು. ನಕ್ಷೆಯನ್ನೋ ಮನೆಯನ್ನೋ ನೋಡದವರಿಗೆ ಅದು ಗೊತ್ತಿರಲು ಸಾಧ್ಯವಿರಲಿಲ್ಲ. ಶರ್ಮಿಳಾ ಕುರ್ಚಿಯನ್ನು ಅವನ ಕಡೆ ತಿರುಗಿಸಿದಳು.

"ಒಂದು ಮಾತು ಹೇಳಿ," ಎಂದ ಅವನು, ಕೇಳಲೂ ಹೆದರುವವನ ಹಾಗೆ. "ಅದನ್ನು ಅಷ್ಟು ಕೆಳಗೆ ಯಾಕೆ ಇಟ್ಟದ್ದು?"

"ಮಲಗಿದವರಿಗೆ ಕೈ ಎಟುಕಬೇಕಲ್ಲ. ನಡೆಯಲಿಕ್ಕಾಗದ ಅಮ್ಮ ಇದ್ದಾರೆ ಅಂತ ಎಂಜಿನಿಯರ್ ಹೇಳಿದ್ರು. ನನ್ನ ಅಜ್ಜಿ ಎರಡು ವರ್ಷ ಹಾಸಿಗೆಯಲ್ಲಿದ್ರು. ಎಲೆಯಡಿಕೆ ತಟ್ಟೆ ಬೇಕಾದ್ರೂ ಯಾರನ್ನಾದ್ರೂ ಕರೀಬೇಕಿತ್ತು. ಕರೆಯುವಾಗೆಲ್ಲ ಅವರ ಮುಖ ಸಣ್ಣ ಆಗ್ತಿತ್ತು. ಅದಕ್ಕೇ ಇಟ್ಟದ್ದು."

ಉದಯ ಅಲ್ಲೇ ನೆಲದ ಮೇಲೆ, ಖಾಲಿ ಪೆಟ್ಟಿಗೆಗಳ ನಡುವೆ ಕೂತುಬಿಟ್ಟ. ಎರಡು ಅಂಗೈಯಲ್ಲಿ ಮುಖ ಒರೆಸಿಕೊಂಡ.

"ಅಮ್ಮ ಆ ಕೋಣೆಯಲ್ಲಿ ಎರಡು ವರ್ಷ ಬದುಕಿದ್ರು. ಕಿಟಕಿಯಿಂದ ರಸ್ತೆ ಕಾಣ್ತಿತ್ತು, ಹೋಗುವವರ ಹತ್ರ ಎಲ್ಲ ಮಾತಾಡ್ತಿದ್ರು. ಇದನ್ನು ಬರೆದವರನ್ನು ಒಮ್ಮೆ ಕರ್ಕೊಂಡು ಬಾ ಅಂತ ದಿನಾ ಹೇಳುದು. ನಾನು ಎಂಜಿನಿಯರ್ ಕೃಷ್ಣಮೋಹನರನ್ನು ಕರೆದೆ, ತಾನೇ ಬರೆದದ್ದು ಅಂದಿದ್ರಲ್ಲ. ಬಂದ್ರು. ಅಮ್ಮ ಇದೇ ಪ್ರಶ್ನೆ ಕೇಳಿದ್ರು. ಅವರು, ಅದೊಂದು ಸ್ಟೈಲ್ ಅಂದ್ರು. ಅವರು ಹೋದ ಮೇಲೆ ಅಮ್ಮ ಹೇಳಿದ್ರು, ಇವರಲ್ಲ ಮಗಾ."

ಅವನು ಫೋನ್ ತೆಗೆದು ಫೋಟೋ ತೋರಿಸಿದ. ಕೆಂಪು ನೆಲ. ಕಿಟಕಿಗೆ ತಾಗಿದ ಮಂಚ. ಬಿಳಿ ಕೂದಲಿನ ಹೆಂಗಸೊಬ್ಬರು ಗೂಡಿನೊಳಗೆ ಕೈಹಾಕಿ ಕ್ಯಾಮರಾ ಕಡೆ ನಗುತ್ತಿದ್ದರು.

ಖುಷಿಯಾಗಬೇಕಿತ್ತು. ಬದಲಿಗೆ ಶರ್ಮಿಳಾಗೆ ತಡೆಯಲಾಗದ ಸಿಟ್ಟು ಬಂತು. "ನಾಲ್ಕು ವರ್ಷ," ಎಂದಳು. "ನನಗೆ ಬರುದಿಲ್ಲ ಅಂತ ನಂಬಿಕೊಂಡು ನಾಲ್ಕು ವರ್ಷ ಕೂತೆ. ಮನೆ ನಿಂತಿತ್ತು. ಜನ ಇದ್ರು ಅದರಲ್ಲಿ. ನೀವು ಹೋಗಿ. ದಯವಿಟ್ಟು ಈಗ ಹೋಗಿ."

ಅವನು ಸಾಮಾನು ಕಟ್ಟಿಕೊಂಡು ಹೋದ. ಸೇವಂತಿ ಲಿಂಬೆ ಶರಬತ್ತಿನ ಲೋಟ ಹಿಡಿದು ಬಾಗಿಲಲ್ಲಿ ಬೆಪ್ಪಾಗಿ ನಿಂತಿದ್ದಳು.

ಮೂರು ದಿನ ಶರ್ಮಿಳಾ ಕಂಪ್ಯೂಟರ್ ಮುಟ್ಟಲಿಲ್ಲ. ನಾಲ್ಕನೆಯ ದಿನ ಫೋನ್ ಮಾಡಿದಳು.

"ಕಂಪ್ಯೂಟರ್ ಹಾಳಾಯ್ತಾ?" ಅವನ ದನಿಯಲ್ಲಿ ಗಾಬರಿ.

"ಇಲ್ಲ. ನಾನು ಆ ಮನೆ ನೋಡ್ಬೇಕು."

ಅಮ್ಮನನ್ನು ಕರೆದುಕೊಂಡು ಮುಂದಿನ ಭಾನುವಾರ ಹೋದಳು. ರಾಮಕುಂಜದಲ್ಲಿ ಜೀಪಿನಿಂದ ಇಳಿದು ತಿರುವು ದಾಟಿದೊಡನೆ ಮನೆ ಎದುರಾಯಿತು. ಅವಳ ಕಾಲು ನಿಂತೇಹೋಯಿತು. ತಲೆಯೊಳಗೆ ಇದ್ದದ್ದು ಕಲ್ಲು, ಗಾರೆ, ಹೆಂಚಾಗಿ ಬಿಸಿಲಿನಲ್ಲಿ ನಿಂತಿತ್ತು. ಕಿಟಕಿಯ ಸರಳಿನ ಮೇಲೆ ಒಂದು ಟವೆಲ್ ಒಣಗುತ್ತಿತ್ತು.

ಉದಯ ದಾರಿ ತೋರಿಸಲು ಹೊರಟ. ಬೇಕಾಗಲಿಲ್ಲ. ಅವಳು ಯಾರನ್ನೂ ಕೇಳದೆ ಎಡಕ್ಕೆ ತಿರುಗಿದಳು, ಅಡುಗೆಮನೆಗೆ ಹೋದಳು, ಕತ್ತಲ ಮೂಲೆಯಲ್ಲಿದ್ದ ಸ್ವಿಚ್ಚನ್ನು ನೋಡದೆಯೇ ಒತ್ತಿದಳು. ತನ್ನ ಮನೆಯಲ್ಲಿ ತಾನೇ ನೆಂಟನಾದವನ ಹಾಗೆ ಅವನು ಹಿಂದೆ ಬಂದ.

ಮೆಟ್ಟಿಲ ಕೆಳಗೆ ಬಂದಾಗ ಅವಳು ಮೇಲೆ ನೋಡಿ ನಾಲಗೆ ಕಚ್ಚಿಕೊಂಡಳು. "ಅಯ್ಯೋ, ಈ ತೊಲೆ ತಗ್ಗಾಯ್ತು."

"ಮೂರು ವರ್ಷದಿಂದ ತಲೆಗೆ ಬಡೀತಾ ಉಂಟು. ಇದೂ ನಿಮ್ಮದೇಯಾ?"

"ನನ್ನದೇ. ಅಷ್ಟು ಉದ್ದದ ಜನ ಇದ್ದಾರೆ ಅಂತ ನನಗೆ ಯಾರು ಹೇಳಿದ್ರು?"

ಇಬ್ಬರೂ ಒಟ್ಟಿಗೇ ನಕ್ಕರು. ನಕ್ಕಾದ ಮೇಲೆ ಎಲ್ಲಿ ನೋಡುವುದೆಂದು ಇಬ್ಬರಿಗೂ ತಿಳಿಯಲಿಲ್ಲ.

ಉದಯನ ಅಮ್ಮ ಇದ್ದ ಕೋಣೆಯಲ್ಲಿ ಮಂಚದ ಮೇಲೆ ಕೂತು ಶರ್ಮಿಳಾ ಫೋನ್ ತೆಗೆದಳು. ಕೃಷ್ಣಮೋಹನ ಎರಡನೆಯ ರಿಂಗಿಗೇ ಎತ್ತಿದರು.

"ಸಾರ್, ನಾನು ಶರ್ಮಿಳಾ. ರಾಮಕುಂಜದ ಪಾರ್ಟಿ ಬೇಡ ಅಂದ್ರಲ್ಲ, ಆ ಮನೆಯೊಳಗೆ ಕೂತಿದ್ದೇನೆ."

ಅವರು ಅಲ್ಲಗಳೆಯಲಿಲ್ಲ. "ಆಗ ಆ ಮನೆ ಕಟ್ಟಿದ್ದು ಹೇಳಿದ್ರೆ ನೀನು ಕೆಲಸ ಬಿಟ್ಟು ಸ್ವಂತ ಶುರು ಮಾಡ್ತಿದ್ದೆ ಮಾರಾಯ್ತಿ. ನನಗೆ ಬೇರೆ ಯಾರಿದ್ರು?"

"ಈಗ ಶುರು ಮಾಡಿದ್ದೇನೆ ಸಾರ್," ಎಂದು ಅವಳು ಫೋನ್ ಇಟ್ಟಳು. ಉದಯ ಬಾಗಿಲಲ್ಲಿ ನಿಂತಿದ್ದ. ಅಂಗಳದಲ್ಲಿ ಸೇವಂತಿ ಪಕ್ಕದ ಮನೆಯವರ ಹತ್ತಿರ ಅದಾಗಲೇ ಉದಯನ ಮನೆತನ ವಿಚಾರಿಸುತ್ತಿದ್ದಳು.

"ಒಂದು ಹೇಳ್ಬೇಕು," ಎಂದ ಅವನು. "ಅಮ್ಮ ಹೋದ ಮೇಲೂ ಈ ಮನೆಯಲ್ಲಿ ನಾನು ಒಬ್ಬನೇ ಅಂತ ಅನಿಸ್ಲಿಲ್ಲ. ನಮ್ಮನ್ನು ನೋಡದೆಯೇ ನಮ್ಮ ಬಗ್ಗೆ ಇಷ್ಟು ಯೋಚನೆ ಮಾಡಿದವರು ಎಲ್ಲೋ ಇದ್ದಾರೆ ಅಂತ ಇತ್ತು. ಗಂಡಸಾ, ಹೆಂಗಸಾ, ಮುದುಕರಾ, ಗೊತ್ತಿರ್ಲಿಲ್ಲ. ಆದ್ರೂ ಅವರನ್ನು ನಾನು ಪ್ರೀತಿ ಮಾಡಿದ್ದೇನೆ. ಈಗ ನೋಡಿದ್ರೆ ಅದು ನೀವು."

ಇಷ್ಟು ನೇರವಾಗಿ ಯಾರೂ ಶರ್ಮಿಳಾಗೆ ಏನನ್ನೂ ಹೇಳಿರಲಿಲ್ಲ. ಬೇಕೆನಿಸಿತು. ಹೆದರಿಕೆಯೂ ಆಯಿತು.

"ನೀವು ಪ್ರೀತಿ ಮಾಡಿದ್ದು ಒಂದು ಮನೆಯನ್ನು," ಎಂದಳು ಕಡೆಗೆ. "ನನ್ನನ್ನಲ್ಲ. ನಾನು ಸಿಟ್ಟಿನವಳು. ತಪ್ಪು ಮಾಡ್ತೇನೆ. ಒಂದು ದಿನ ನಾನು ಈ ಗೋಡೆಯಷ್ಟು ಒಳ್ಳೆಯವಳಲ್ಲ ಅಂತ ನಿಮಗೆ ಗೊತ್ತಾಗ್ತದೆ."

ಅವನು ವಾದ ಮಾಡಲಿಲ್ಲ. "ಇರಬಹುದು. ಗೊತ್ತಾಗ್ಲಿ. ನಾನು ಬರ್ತಾ ಇರ್ತೇನೆ."

ಹೇಳಿದ ಹಾಗೆ ಬಂದ. ಪ್ರಿಂಟರ್ ಕೂರಿಸಲು ಬಂದ, ಯುಪಿಎಸ್ ನೋಡಲು ಬಂದ, ಆಮೇಲೆ ಕಾರಣ ಹೇಳುವುದನ್ನೇ ಬಿಟ್ಟ. ಅವನಿಗೆ ನೀರ್‌ದೋಸೆ ಸೇರುವುದಿಲ್ಲ ಎಂದು ತಿಳಿದ ದಿನ ಸೇವಂತಿ ಅಡುಗೆಮನೆಯಲ್ಲೇ ಸ್ತಂಭೀಭೂತಳಾದಳು. ಶರ್ಮಿಳಾ ಸಿಟ್ಟು ಮಾಡಿಕೊಂಡರೆ ಅವನೂ ಮಾಡುತ್ತಿದ್ದ. ಎರಡು ದಿನ ಫೋನಿಲ್ಲ, ಮೂರನೆಯ ದಿನ ಇಬ್ಬರೂ ಒಟ್ಟಿಗೆ ಮಾಡಿ ಎರಡೂ ಕಡೆ ಎಂಗೇಜ್.

ರಾಮಕುಂಜದ ಮನೆ ನೋಡಿದ್ದ ಕಡಬದ ಫರ್ಝಾನಾ ಅವಳ ಮೊದಲ ಪಾರ್ಟಿ. ಗಂಡ ದುಬೈಯಲ್ಲಿ. ಈಕೆ ಮನೆಯಲ್ಲೇ ಕೇಕ್ ಮಾಡಿ ಮಾರುವವಳು. ಶರ್ಮಿಳಾ ತಿಂಗಳಿಡೀ ಕೂತು ಅವಳ ಮನೆ ಬರೆದಳು. ಹೊಸ ಕಂಪ್ಯೂಟರಿನಲ್ಲಿ ಹುಟ್ಟಿದ ಮೊದಲ ಮನೆ. ನಕ್ಷೆ ತೋರಿಸುವ ದಿನ ದೊಡ್ಡ ಪ್ರಿಂಟ್ ಹಿಡಿದು ಉದಯನೂ ಜೊತೆಗೆ ಬಂದ.

ಫರ್ಝಾನಾ ನಕ್ಷೆಯನ್ನು ತುಂಬ ಹೊತ್ತು ನೋಡಿದಳು. "ಚಂದ ಉಂಟು," ಎಂದಳು. ದನಿ ಮಾತ್ರ ಚಂದವಿರಲಿಲ್ಲ.

ಉದಯ ಬಗ್ಗಿ ನೋಡಿದ. "ಇದು ಸರಿ ಇಲ್ಲ."

ಶರ್ಮಿಳಾ ತಿರುಗಿ ನೋಡಿದಳು. ಮೊದಲ ಪಾರ್ಟಿಯ ಎದುರು, ಇವನು!

"ಅಡುಗೆಮನೆ ಹಿಂದೆ ಇಟ್ಟಿದ್ದೀರಿ. ಕೇಕ್ ತಕ್ಕೊಂಡು ಹೋಗ್ಲಿಕ್ಕೆ ಬರುವವರು ಇವರ ಮಲಗುವ ಕೋಣೆಯ ಬಾಗಿಲು ದಾಟಿ ಹೋಗ್ಬೇಕಾ?"

ಶರ್ಮಿಳಾ ಬೈಯಲು ಬಾಯಿ ತೆರೆದಳು. ಆಮೇಲೆ ನಕ್ಷೆ ನೋಡಿದಳು. ಒಂದು ತಿಂಗಳು, ಇಷ್ಟು ದೊಡ್ಡ ತಪ್ಪು, ಅವಳ ಕಣ್ಣಿಗೆ ಬಿದ್ದೇ ಇರಲಿಲ್ಲ.

ಫರ್ಝಾನಾ ಉಸಿರುಬಿಟ್ಟು ನಕ್ಕಳು. "ನಾನು ಅದನ್ನೇ ಹೇಳುದು ಹೇಗೆ ಅಂತ ಇದ್ದೆ. ನಿಮಗೆ ಬೇಜಾರಾಗ್ತದೆ ಅಂತ."

ಪಕ್ಕಕ್ಕೆ ಒಂದು ಬಾಗಿಲು, ಅಡುಗೆಮನೆ ಮುಂದಕ್ಕೆ. ಪೆನ್ಸಿಲಿನಲ್ಲಿ ಅಲ್ಲೇ ಬರೆದು ತೋರಿಸಿದಾಗ ಫರ್ಝಾನಾಳ ಮುಖ ಅರಳಿತು. ಕೆಲಸ ಉಳಿಯಿತು.

ಕಡಬ ಪೇಟೆಯ ತನಕ ಇಬ್ಬರೂ ನಡೆದರು. ರಾಮಕುಂಜದ ಕಡೆಗೆ ಹೋಗುವ ಜೀಪು ಜನ ತುಂಬಿಸಿಕೊಳ್ಳುತ್ತಿತ್ತು.

"ಸಿಟ್ಟು ಬಂತಾ?" ಎಂದ ಉದಯ. "ನೀವು ಬರೆದದ್ದು ಅಂತ ಸುಮ್ಮನೆ ಇರ್ಲಿಕ್ಕೆ ಆಗ್ಲಿಲ್ಲ. ತಪ್ಪು ಇತ್ತು. ಹೇಳಿದೆ."

ಶರ್ಮಿಳಾ ಅವನನ್ನು ನೋಡಿದಳು. ಗಡ್ಡದಲ್ಲಿ ಫರ್ಝಾನಾ ಕೊಟ್ಟ ಕೇಕಿನ ಒಂದು ಚೂರು ಅಂಟಿತ್ತು. ಇವನು ಪೂಜೆ ಮಾಡುವವನಲ್ಲ. ಇವನು ತಪ್ಪನ್ನೂ ನೋಡುವವನು. ಅವಳ ಬಾಯಿಂದ ಮಾತು ಹೊರಟುಹೋಯಿತು, ಅವಳಿಗೇ ತಿಳಿಯುವ ಮೊದಲು.

"ನನ್ನನ್ನು ಮದುವೆ ಆಗ್ತೀರಾ?"

ಸ್ವರ ಸ್ವಲ್ಪ ಜೋರಾಗಿತ್ತು. ಜೀಪಿನೊಳಗಿನ ಎಂಟೂ ತಲೆ ಒಟ್ಟಿಗೆ ಈ ಕಡೆ ತಿರುಗಿದವು. ಉದಯನ ಕೈಯಿಂದ ಪ್ರಿಂಟಿನ ಸುರುಳಿ ಜಾರಿ ಬಿಚ್ಚಿಕೊಂಡು ರಸ್ತೆಯ ಮೇಲೆ ಉದ್ದಕ್ಕೆ ಹಾಸಿಕೊಂಡಿತು.

"ಎಂತ?"

"ಕೇಳಿತಲ್ಲ. ಇನ್ನೊಮ್ಮೆ ಹೇಳ್ಲಿಕ್ಕೆ ನನಗೆ ಧೈರ್ಯ ಇಲ್ಲ."

"ಇಲ್ಲಿಯಾ? ಈಗಲಾ?" ಅವನು ಜೀಪನ್ನು, ಆಕಾಶವನ್ನು, ಮತ್ತೆ ಅವಳನ್ನು ನೋಡಿದ. "ನಾನು ಎಷ್ಟು ತಿಂಗಳಿಂದ ಹೇಗೆ ಕೇಳುದು ಅಂತ ಯೋಚನೆ ಮಾಡ್ತಾ ಇದ್ದೇನೆ ಗೊತ್ತುಂಟಾ ನಿನಗೆ?"

ನಿನಗೆ. ಆ ಒಂದು ಶಬ್ದಕ್ಕೆ ಅವಳ ಕಣ್ಣು ಮಂಜಾಯಿತು.

ಜೀಪಿನ ಡ್ರೈವರ್ ಹಾರ್ನ್ ಒತ್ತಿ ತಲೆ ಹೊರಗೆ ಹಾಕಿದ. "ಅಣ್ಣಾ, ಹತ್ತುದಾ ಇಲ್ವಾ? ಅಕ್ಕನಿಗೆ ಉತ್ತರ ಕೊಡಿ, ಇಲ್ಲದಿದ್ರೆ ಜೀಪ್ ಬಿಡ್ಲಿಕ್ಕೆ ಇವರು ಯಾರೂ ಒಪ್ಪುದಿಲ್ಲ."

"ಆಗ್ತೇನೆ," ಎಂದ ಉದಯ, ಡ್ರೈವರನ ಕಡೆ ನೋಡದೆ. ಅವನ ಆ ಗಂಭೀರ ದನಿ ಪೂರ್ತಿ ಒಡೆದುಹೋಗಿತ್ತು. "ಆಗ್ತೇನೆ ಮಾರಾಯ್ತಿ. ನಾಳೆಯೇ ಬೇಕಾದ್ರೂ ಆಗ್ತೇನೆ."

ಜೀಪು ನಗುತ್ತಾ ಹೊರಟಿತು. ಅವನು ಹತ್ತಲಿಲ್ಲ. ಶರ್ಮಿಳಾ ಸೆರಗಿನ ತುದಿಯಿಂದ ಅವನ ಗಡ್ಡದಲ್ಲಿದ್ದ ಕೇಕಿನ ಚೂರನ್ನು, ಪೇಟೆಯವರೆಲ್ಲ ನೋಡುತ್ತಿರುವಾಗಲೇ, ನಿಧಾನವಾಗಿ ಒರೆಸಿದಳು.